ಕರಿ ಕಂಬಳಿ ಮೇಲಿನ ಮಾತು

ಎಂಜಲು ಕೈಯಲ್ಲಿ ಕಾಗೆ ಹೊಡೆಯದ ಚಿತ್ರಲಿಂಗಪ್ಪನಿಗೆ ಇದ್ದಕ್ಕಿದ್ದಂತೆ ಕರುಣೆ ಬಂದಾಗಲೇ ಗಿರಿಯಮ್ಮನಿಗೆ ಅನುಮಾನ ಹುಟ್ಟಿತು. ಅವನು ಅವಳ ತೀರಿಹೋದ ಗಂಡನ ಅಣ್ಣ; ಸ್ವರಾಜ್ಯ ಬಂದ ಹೊಸದರಲ್ಲಿ ಮಾಡದಕೆರೆಯಲ್ಲಿ ಕಟ್ಟಿದ ಕಂಬಳಿ ಸಂಘದ ಅಧ್ಯಕ್ಷ. ಸಂಘ ಊರವರಿಂದ ಉಣ್ಣೆ ತೆಗೆದುಕೊಂಡು ಹಣದ ಬದಲು ಚೀಟಿ ಕೊಟ್ಟಿತ್ತು. "ಸಂಘ ಮುಳುಗ್ತೈತೆ ಕಣವ್ವ. ರೂಪಾಯಿಗೆ ನಾಲ್ಕಾಣೆ ಕೊಡ್ತೀನಿ, ಚೀಟಿ ನನಗೆ ಕೊಟ್ಬಿಡು," ಎನ್ನುತ್ತ ಅವನು ಮನೆಮನೆ ತಿರುಗಿದ. ಪಕ್ಕದ ಮನೆಯ ಕಾಳಕ್ಕ ಕೊಟ್ಟಳು, ಮಿಕ್ಕವರೂ ಕೊಟ್ಟರು. ಗಿರಿಯಮ್ಮ ಮಾತ್ರ ಕೊಡಲಿಲ್ಲ. ಅವಳ ಕುರಿಗಳೆಲ್ಲ ರೋಗಕ್ಕೆ ಹೋಗಿದ್ದವು. ಮತ್ತೆ ಮರಿ ಕೊಳ್ಳಲು ಅವಳಿಗಿದ್ದದ್ದು ಆ ಚೀಟಿ ಒಂದೇ.

ತಿಂಗಳು ತುಂಬುವುದರೊಳಗೆ ಸುದ್ದಿ ಬಂತು. ಹೊಸದುರ್ಗ, ಹೊಳಲ್ಕೆರೆ ಕಡೆಯ ಸಂಘಗಳೆಲ್ಲ ಸೇರಿ ಒಂದು ಒಕ್ಕೂಟವಾಗುತ್ತದಂತೆ. ಊರೂರಿನ ಸಾಲವನ್ನೂ ಅದೇ ಹೊರುತ್ತದಂತೆ. ಚೀಟಿಗೆ ಪೂರಾ ಹಣವಂತೆ. ಓಹೋ, ಇದೇನಾ ನಿನ್ನ ಕರುಣೆ, ಅಂದುಕೊಂಡಳು ಗಿರಿಯಮ್ಮ. ಮೈಯೆಲ್ಲ ಉರಿಯಿತು.

ಒಕ್ಕೂಟದ ಸಭೆಗೆ ಊರವರ ಜೊತೆ ಗಿರಿಯಮ್ಮನೂ ಹೋದಳು. ಅಲ್ಲಿ ಹೊಳಲ್ಕೆರೆ ಕಡೆಯ ರಂಗಯ್ಯ ಎದ್ದು ನಿಂತ. "ನಾವು ಮಗ್ಗ ಮಾರಿ ನಮ್ಮ ಸಾಲ ತೀರಿಸಿದ್ವಿ. ಈಗ ಮಾಡದಕೆರೆಯೋರ ಸಾಲಾನೂ ಹೊರಬೇಕೇನ್ರಿ?"

"ಉಣ್ಣೆ ಕೊಟ್ಟ ಬಡವರ ದುಡ್ಡಪ್ಪ ಅದು," ಎಂದ ಚಿತ್ರಲಿಂಗಪ್ಪ, ಅಳುವವನ ಹಾಗೆ ಮುಖ ಮಾಡಿಕೊಂಡು.

"ಹಂಗಾರೆ ಒಪ್ತೀವಿ. ಚೀಟಿ ಆ ಬಡವರ ಕೈಯಾಗೇ ಅವೆ ಅಂತ ಕಂಬಳಿ ಮ್ಯಾಲೆ ಕುಂತು ಹೇಳ್ರಿ."

ಕರಿ ಕಂಬಳಿ ಹಾಸಿದರು. ಅದರ ಮೇಲೆ ಕೂತು ಸುಳ್ಳಾಡಿದರೆ ಹಟ್ಟಿ ಹಾಳಾಗುತ್ತದೆ ಎಂಬ ಭಯ ಕುರಿ ಸಾಕುವ ಆ ಜನಕ್ಕೆ ಹುಟ್ಟಿನಿಂದಲೇ ಬಂದದ್ದು. ಚಿತ್ರಲಿಂಗಪ್ಪ ನಕ್ಕು, "ನಾನ್ಯಾಕೆ? ಚೀಟಿ ಇಟ್ಕಂಡಿರೋ ಗಿರಿಯಮ್ಮನೇ ಹೇಳ್ಲಿ," ಎಂದ. ಬರುವ ಹಣವನ್ನು ಯಾರಾದರೂ ಕಾಲಲ್ಲಿ ಒದ್ದಾರೇ ಎಂಬುದು ಅವನ ಧೈರ್ಯ.

ಗಿರಿಯಮ್ಮ ಕೂತಳು. ಒಂದು ಸುಳ್ಳು ಹೇಳಿದರೆ ಹಟ್ಟಿಯ ತುಂಬ ಮರಿಗಳು. ಆಸೆಯಾಯಿತು, ಬಹಳ ಆಸೆಯಾಯಿತು.

"ನಂದೊಂದು ನನ್ನ ತಾವ ಐತೆ," ಅಂದಳು ಕೊನೆಗೆ. "ಮಿಕ್ಕವೆಲ್ಲ ನಮ್ಮ ಭಾವನ ಪೆಟ್ಟಿಗೇಲಿ ಅವೆ."

ಸಭೆಯಲ್ಲಿ ಗದ್ದಲವೆದ್ದಿತು. ಮಾಡದಕೆರೆಯ ಸಾಲ ಹೊರುವುದಿಲ್ಲ ಎಂದು ತೀರ್ಮಾನವಾಯಿತು.

ಹೊರಗೆ ಚಿತ್ರಲಿಂಗಪ್ಪ ಅವಳನ್ನು ಅಡ್ಡಗಟ್ಟಿದ. "ಈಗ ನಿನ್ನ ಚೀಟಿಗೆ ನಾಲ್ಕಾಣೇನೂ ಹುಟ್ಟಲ್ಲ, ಗೊತ್ತೇನು? ಒಂದು ಸುಳ್ಳು ಹೇಳಿದ್ರೆ ಏನಾಗ್ತಿತ್ತು?"

"ಏನೂ ಆಗಲ್ಲ ಅಂತಿದ್ರೆ ನೀವೇ ಕುಂತ್ಕಂತಿದ್ರಿ, ಭಾವ," ಅಂದಳು ಗಿರಿಯಮ್ಮ.