ಚುರ್ ಅನ್ನುವ ಮಾತ್ರೆ

ಹಬೀಬ್ ಸಾಬರ ಎದೆ ಮೊದಲ ಸಲ ಹಿಂಡಿದ್ದು ಶಿರಾದ ಕಡಲೆಕಾಯಿ ಮಂಡಿಯಲ್ಲಿ, ಮೂಟೆ ತೂಗಿಸುತ್ತಿದ್ದಾಗ. ಗ್ಯಾಸು ಎಂದು ಸೋಡಾ ಕುಡಿದು ಸುಮ್ಮನಾದ ಮಹಾನುಭಾವ! ಹೆಂಡತಿ ಚಾಂದ್ ಬಿ ಬಿಟ್ಟಾಳೆಯೇ? ಅವಳ ಮಾವ, ಅಂದರೆ ಸಾಬರ ಅಪ್ಪ, ಇದೇ ಮಂಡಿಯಲ್ಲಿ, ಇದೇ ವಯಸ್ಸಿನಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಅಳುತ್ತಾ ಬೈಯುತ್ತಾ ಗಂಡನನ್ನು ತುಮಕೂರಿಗೆ ಎಳೆದುಕೊಂಡು ಹೋದಳು.

"ಹೃದಯಕ್ಕೆ ರಕ್ತ ಹರಿಸೋ ನಾಳ ಕಿರಿದಾಗಿದೆ ಸಾಬರೇ" ಎಂದರು ಡಾಕ್ಟರ್ ಬಸವಲಿಂಗಯ್ಯ. "ಅಪ್ಪನಿಂದ ಬಂದದ್ದಕ್ಕೆ ಏನೂ ಮಾಡೋಕಾಗಲ್ಲ. ಬೀಡಿ ಬಿಡಿ. ತುಪ್ಪ, ಉಪ್ಪು, ಕೊಬ್ಬಿನ ಮಾಂಸ ಕಡಿಮೆ ಮಾಡಿ. ಬ್ಲಡ್ ಪ್ರೆಶರ್ ಏರಿದೆ." ಕಂದು ಗಾಜಿನ ಸಣ್ಣ ಸೀಸೆಯೊಂದನ್ನು ಮುಂದಿಟ್ಟರು. "ನೋವು ಬಂದ ತಕ್ಷಣ ಒಂದು ಮಾತ್ರೆ ನಾಲಿಗೆ ಕೆಳಗಿಡಿ. ಚುರ್ ಅಂದರೆ ಮದ್ದು ಚೆನ್ನಾಗಿದೆ ಅಂತ. ಸೀಸೆಯಿಂದ ತೆಗೆದಿಟ್ಟರೆ ಸತ್ವ ಹಾರಿಹೋಗುತ್ತೆ. ಯಾವಾಗಲೂ ಎದೆ ಹತ್ತಿರವೇ ಇರಲಿ."

ಚಾಂದ್ ಬಿಯ ತಲೆಯಲ್ಲಿ ಉಳಿದದ್ದು ಕೊನೆಯ ಮಾತೊಂದೇ. ಒಂದು ದಿನ ಸಾಬರು ಬೇರೆ ಅಂಗಿ ತೊಟ್ಟು ಮಂಡಿಗೆ ಹೋದರು. ಸೀಸೆ ಹಳೆಯ ಅಂಗಿಯ ಜೇಬಿನಲ್ಲೇ ಗೂಟಕ್ಕೆ ನೇತಾಡುತ್ತಿತ್ತು. ಅದನ್ನು ಕಂಡು ಅವಳ ಜೀವ ಬಾಯಿಗೆ ಬಂತು. ಒಂದಿಷ್ಟು ಮಾತ್ರೆ ತೆಗೆದು ಅರಳೆಯಲ್ಲಿ ಸುತ್ತಿ, ಹಸಿರು ಬಟ್ಟೆಯಲ್ಲಿಟ್ಟು ಹೊಲಿದು, ಸಂಜೆ ಗಂಡನ ಕೊರಳಿಗೆ ಕಟ್ಟಿದಳು.

ಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ದರ್ಗಾದ ತಾಯ್ತ ನೋಡಿದ್ದೆ, ಡಾಕ್ಟ್ರ ತಾಯ್ತ ಇದೇ ಮೊದ್ಲು ಕಣೇ!"

"ನಗ್ರೀ, ನಗ್ರೀ. ನನ್ ಹೆದ್ರಿಕೆ ನಿಮಗೇನು ಗೊತ್ತು?" ಅಂದಳು ಚಾಂದ್ ಬಿ.

ಎರಡು ತಿಂಗಳ ಮೇಲೆ ಅವಳ ತಮ್ಮನ ಮಗಳ ಮದುವೆ ಮಾತುಕತೆಗೆಂದು ಇಬ್ಬರೂ ಮಧುಗಿರಿ ಬಸ್ಸು ಹತ್ತಿದರು. ನಡುದಾರಿಯ ಬಡವನಹಳ್ಳಿ ಇನ್ನೂ ದೂರವಿತ್ತು. ಮಾತಾಡುತ್ತಿದ್ದ ಸಾಬರು ತಟ್ಟನೆ ಬಾಯಿ ಮುಚ್ಚಿದರು. ಮುಖ ಬೂದಿಯಾಯಿತು, ಬೆವರು ಕಿತ್ತುಕೊಂಡು ಬಂತು. ಮಾತು ಹೊರಡದೆ ಸೊಂಟದ ಜೇಬಿಗೆ ಕೈಹಾಕಿ ತಡಕಾಡತೊಡಗಿದರು. ಆ ಜೇಬಿನಲ್ಲಿ ಬೀಡಿ ಇದೆಯೆಂದು ಅವಳಿಗೆ ವಾಸನೆಯಿಂದಲೇ ಗೊತ್ತಿತ್ತು.

"ನಿಮ್ ಬೀಡಿಗಿಷ್ಟು ಬೆಂಕಿ ಹಾಕ! ಇಂಥಾ ಹೊತ್ನಾಗೂ ಅದೇ ಬೇಕಾ?" ಎಂದು ಆ ಕೈಗೆ ಪಟ್ಟೆಂದು ಹೊಡೆದಳು. ಎದೆಯ ಜೇಬಿನಲ್ಲಿ ಸೀಸೆ ಕಾಣದೆ, ತಾಯ್ತವನ್ನು ಹಲ್ಲಿನಿಂದ ಹರಿದು, ಒಂದು ಮಾತ್ರೆಯನ್ನು ಗಂಡನ ನಾಲಿಗೆಯ ಕೆಳಗೆ ತುರುಕಿದಳು.

"ಚುರ್ ಅಂತಾ? ಹೇಳ್ರೀ, ಚುರ್ ಅಂತಾ?"

ಸಾಬರು ಇಲ್ಲವೆಂದು ತಲೆಯಾಡಿಸಿದರು. ಇನ್ನೊಂದು ಇಟ್ಟಳು. ಅದೂ ಚುರ್ ಅನ್ನಲಿಲ್ಲ, ಬರೀ ಸುಣ್ಣ. ಸೀಸೆಯಿಂದ ತೆಗೆದಿಟ್ಟರೆ ಸತ್ವ ಹಾರಿಹೋಗುತ್ತೆ! ಡಾಕ್ಟರ ಮಾತು ಆಗ ನೆನಪಾಯಿತು ಅವಳಿಗೆ. ಯಾ ಅಲ್ಲಾ, ನನ್ನ ಕೈಯಾರೆ ಕೊಂದೆನಲ್ಲಾ ಎಂದು ಬಾಯಿ ಬಡಿದುಕೊಂಡಳು. ಕಂಡಕ್ಟರ್ ದಾಸಯ್ಯ ಓಡಿಬಂದು "ಏನಾಯ್ತಮ್ಮಾ?" ಎಂದದ್ದು ಅವಳಿಗೆ ಕೇಳಿಸಲೇ ಇಲ್ಲ.

ಸಾಬರ ಕೈ ಮತ್ತೆ ಅದೇ ಜೇಬಿನತ್ತ ತೆವಳಿತು. ಈ ಸಲ ಅವಳೇ ಕೈಹಾಕಿದಳು. ಬೀಡಿ ಕಟ್ಟು ಇದ್ದೇ ಇತ್ತು. ಅದರ ಅಡಿಯಲ್ಲಿ ಕಂದು ಗಾಜಿನ ಸೀಸೆ.

ಬಿರಡೆ ಕಿತ್ತು ಅಂಗೈಗೆ ಬಗ್ಗಿಸಿದಳು. ಬಿದ್ದದ್ದು ಒಂದೇ ಒಂದು ಮಾತ್ರೆ. ಅದನ್ನು ನಾಲಿಗೆ ಕೆಳಗಿಟ್ಟು ಗಂಡನ ಮುಖವನ್ನೇ ನೋಡಿದಳು.

"ಚುರ್ ಅಂತು" ಎಂದರು ಸಾಬರು, ಪಿಸುದನಿಯಲ್ಲಿ.

ಸ್ವಲ್ಪ ಹೊತ್ತಿಗೆ ತುಟಿಗೆ ಬಣ್ಣ ಬಂತು. ಚಾಂದ್ ಬಿ ಕಣ್ಣೊರೆಸಿಕೊಂಡು ಸೀಸೆಯತ್ತ ನೋಡಿದಳು. ತಾಯ್ತಕ್ಕೆ ತೆಗೆದ ಮೇಲೂ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಮಾತ್ರೆ ಬಿಟ್ಟಿದ್ದಳಲ್ಲ!

"ಮಿಕ್ಕಿದ್ದೆಲ್ಲಾ ಎಲ್ ಹೋದ್ವು?"

ಸಾಬರು ಕಿಟಕಿಯತ್ತ ತಿರುಗಿದರು. "ನೋವು ಬಂದಾಗೆಲ್ಲಾ ತಕಂಡೆ. ಹೇಳಿದ್ರೆ ನೀನು ಹೆದ್ರಕಂಡ್ಬುಡ್ತೀಯ ಅಂತ ಸುಮ್ಕಿದ್ದೆ. ನಂಗೂ ಹೆದ್ರಿಕೆನೇ ಕಣೇ."

ಚಾಂದ್ ಬಿ ಸೀಸೆಯನ್ನು ಬೋರಲು ಹಾಕಿ ಕುಟ್ಟಿದಳು. ಏನೂ ಬೀಳಲಿಲ್ಲ.

"ಆಸ್ಪತ್ರೆಗೆ ಬುಡಪ್ಪಾ, ಎಲ್ಲೂ ನಿಲ್ಲಿಸ್ಬೇಡ!" ಎಂದು ಡ್ರೈವರಿಗೆ ಕೂಗಿ, ಗಂಡನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.