ಕೌದಿಯ ನಾಲ್ಕನೇ ಮೂಲೆ

ಅಕ್ಕನ ಬಾಣಂತನಕ್ಕೆಂದು ಪ್ರವಾಸಿ ವೀಸಾದ ಮೇಲೆ ಬಂದ ತಂಗಿಗೆ ಪರದೇಶದಲ್ಲಿ ಮೊದಲು ಅರ್ಥವಾದದ್ದು ಹೊಲಿಗೆ ಯಂತ್ರದ ಸದ್ದು. ಅಕ್ಕನ ಮನೆಯ ಕೆಳಗೇ ಬಟ್ಟೆ ಹೊಲಿಯುವ ಅಂಗಡಿ. ಒಡತಿ ನಮ್ಮ ಭಾಷೆಯವಳೇ. ತಂಗಿಯ ರವಿಕೆಯ ತೋಳು ಮುಟ್ಟಿ ನೋಡಿ, "ನೀನೇ ಹೊಲಿದದ್ದಾ? ಇಲ್ಲೇ ಇದ್ಬಿಡು. ಕೆಲಸದ ವೀಸಾ ಮಾಡಿಸಿಕೊಡ್ತೀನಿ. ಈಗಿರೋದು ಮುಗಿಯೋಕೆ ಮೊದಲೇ ಅರ್ಜಿ ಹಾಕ್ಬೇಕು, ಪಾಸ್‌ಪೋರ್ಟ್ ತಂದುಕೊಡು" ಎಂದಳು.

ಊರಲ್ಲಿ ಬಾಡಿಗೆ ಯಂತ್ರದ ಮೇಲೆ ಕೂತು ಸೊಂಟ ಸವೆಸಿದವಳಿಗೆ ಇದು ಸಣ್ಣ ಮಾತಲ್ಲ. ಆದರೂ 'ತಂದುಕೊಡು' ಎಂದದ್ದೇ ತಡ, ಕಿವಿ ನೆಟ್ಟಗಾಯಿತು. ಅಂಗಡಿಯಲ್ಲಿ ಗುಂಡಿ ಹಚ್ಚುವವಳನ್ನು ಮೆಲ್ಲಗೆ ಕೇಳಿದಳು: "ನಿನ್ನ ಪಾಸ್‌ಪೋರ್ಟ್ ಎಲ್ಲಿದೆಯಮ್ಮಾ?"

ಅವಳು ಮೊದಲು ಒಡತಿಯ ಮುಖ ನೋಡಿದಳು. ಆಮೇಲೆ, "ಭದ್ರವಾಗಿದೆ" ಎಂದಳು. ಎಲ್ಲಿ ಎಂದು ಹೇಳಲಿಲ್ಲ. ಒಡತಿಯ ಮೇಜಿನ ಡ್ರಾಯರಿಗೆ ಬೀಗವಿತ್ತು.

ಮನೆಯಲ್ಲಿ ಅಕ್ಕನದು ಬೇರೆ ರಾಗ. "ಅವಳಿಗೆ ಕೊಟ್ಟರೆ ಜುಟ್ಟು ಕೊಟ್ಟ ಹಾಗೆ. ನನ್ನ ಬೀರುವಿನಲ್ಲಿಡು. ಭಾವ ಇದೇ ವೀಸಾನ ಮುಂದುವರಿಸ್ತಾರೆ."

"ಮುಂದುವರಿಸಿದ್ರೆ ಕೆಲಸ ಮಾಡೋಕೆ ಬಿಡ್ತಾರಾ?"

"ಮಗು ನೋಡ್ಕೊಳ್ಳೋದು ಕೆಲಸ ಅಲ್ವೇನೇ?" ಅಕ್ಕ ನಕ್ಕಳು. ಭಾವ ನಗಲಿಲ್ಲ. ಫೋನಿನ ಮೇಲಿದ್ದ ಅವನ ಬೆರಳು ನಿಂತೇ ಹೋಗಿತ್ತು. ಅದು ತಂಗಿಯ ಕಣ್ಣಿಗೆ ಬಿತ್ತು.

ಆ ಮಧ್ಯಾಹ್ನವೇ, ಮಗುವಿಗೆಂದು ಹಳೆ ಸೀರೆಗಳಲ್ಲಿ ಹೊಲಿಯುತ್ತಿದ್ದ ಕೌದಿಯ ಮೂಲೆಯಲ್ಲಿ ಪಾಸ್‌ಪೋರ್ಟ್ ಇಟ್ಟು, ಇರುವೆ ಸಾಲಿನಂತೆ ಒತ್ತೊತ್ತಾಗಿ ಹೊಲಿದುಬಿಟ್ಟಳು. ಒಡತಿಗೆ "ಅಕ್ಕನ ಬೀರುವಿನಲ್ಲಿದೆ" ಎಂದಳು. ಅಕ್ಕನಿಗೆ "ಅಂಗಡಿಯಲ್ಲಿದೆ" ಎಂದಳು. ಕೌದಿ ಒಗೆಯುವುದನ್ನು ಮಾತ್ರ ಯಾರಿಗೂ ಬಿಡಲಿಲ್ಲ. ಮೂರು ಮೂಲೆ ನೀರಿಗದ್ದಿ, ನಾಲ್ಕನೆಯದನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಒಗೆಯುತ್ತಿದ್ದಳು.

ವೀಸಾ ಮುಗಿಯುವ ಹಿಂದಿನ ದಿನ ಒಡತಿ ಕಡ್ಡಿ ಮುರಿದಂತೆ ಹೇಳಿದಳು: "ನಾಳೆ ಅರ್ಜಿ ಹೋಗದಿದ್ರೆ ಗಂಟುಮೂಟೆ ಕಟ್ಟು."

ತಂಗಿ ಮೆಟ್ಟಿಲು ಹತ್ತಿ ಬಂದರೆ ಮಗು ಬರೀ ಟವೆಲ್ ಮೇಲೆ ಮಲಗಿತ್ತು. ಬಾಲ್ಕನಿಯ ಹಗ್ಗದಲ್ಲಿ ಕೌದಿ ನೀರು ಸುರಿಸುತ್ತಾ ನೇತಾಡುತ್ತಿತ್ತು. ನಾಲ್ಕೂ ಮೂಲೆ ಒದ್ದೆ.

"ಮಗು ಪೂರ್ತಿ ಗಲೀಜು ಮಾಡಿತ್ತು ಕಣೇ," ಎಂದಳು ಅಕ್ಕ, ಕಣ್ಣು ತಪ್ಪಿಸಿ.

ತಣ್ಣೀರು ಮುಟ್ಟದ ಬಾಣಂತಿ ಇವತ್ತೇ ಯಾಕೆ ಒಗೆದಳು? ತಂಗಿ ಬಾಲ್ಕನಿಗೆ ಓಡಿದಳು. ಮೂಲೆ ಹುಡುಕಿದಳು. ಹೊಲಿಗೆ ಅವಳದಲ್ಲ! ಉದ್ದುದ್ದ, ಸೊಟ್ಟ ಹೊಲಿಗೆ. ಕೊನೆಗೆ ಮೂರು ಗಂಟು. ಚಿಕ್ಕಂದಿನಲ್ಲಿ ಅಕ್ಕ ಲಂಗದ ಅಂಚಿಗೆ ಹಾಕುತ್ತಿದ್ದದ್ದೂ ಹೀಗೇ. ಹಲ್ಲಿನಿಂದಲೇ ಕಿತ್ತಳು. ಒಳಗೆ ಅಡುಗೆಮನೆಯ ಪ್ಲಾಸ್ಟಿಕ್ ಚೀಲ, ಸುತ್ತಿನ ಮೇಲೆ ಸುತ್ತು. ಅದರೊಳಗೆ ಪಾಸ್‌ಪೋರ್ಟ್, ಒಂದು ಹನಿ ತಾಕದೆ.

"ಯಾವಾಗ ಸಿಕ್ತು ನಿಂಗೆ?"

"ಮೊನ್ನೆ. ಮಗುವಿಗೆ ಒತ್ತುತ್ತಿತ್ತು. ಬಿಚ್ಚಿ ನಿನ್ನ ಭಾವನ ಕೈಗೆ ಕೊಡೋಣ ಅಂತಾನೇ ಇದ್ದೆ. ನೀನು ಅಂಗಡಿ ಕೆಲಸಕ್ಕೆ ಹೋದ್ರೆ ನಂಗ್ಯಾರಿದಾರೆ ಹೇಳು?"

"ಮತ್ತೆ?"

"ಕೈ ಬರಲಿಲ್ಲ. ಉಚ್ಚೆ ತಾಗದಿರಲಿ ಅಂತ ಸುತ್ತಿಟ್ಟೆ. ಇವತ್ತು ನಿನ್ನ ಭಾವ ಅಂಗಡಿಯಲ್ಲಿ ವಿಚಾರಿಸಿ, ಅಲ್ಲಿಲ್ಲ ಅಂತ ಗೊತ್ತಾಗಿ ಬಂದು ಹಾಸಿಗೆ ಎಲ್ಲಾ ಜಾಲಾಡೋಕೆ ಹಿಡಿದ್ರು. ಅವರ ಕೈಗೆ ಸಿಗದಿರಲಿ ಅಂತ ಕೌದಿ ಎತ್ತಿ ನೀರಿಗೆ ಹಾಕಿಬಿಟ್ಟೆ." ಮೂಗು ಒರೆಸಿಕೊಂಡು, "ಆ ಒಡತಿ ಕೈಗೂ ಕೊಡ್ಬೇಡ, ತಿಳೀತಾ?" ಎಂದಳು.

ಬೆಳಿಗ್ಗೆ ಒಡತಿ ಕೈ ಚಾಚಿದಳು. "ಕೊಡು."

"ವೀಸಾ ಕಚೇರಿ ಕಿಟಕಿವರೆಗೂ ನಾನೇ ಹಿಡ್ಕೊಂಡು ಬರ್ತೀನಿ, ಮೇಡಂ."

"ನಂಬಿಕೆ ಇಲ್ವಾ?"

"ಇದೆಯಲ್ಲ. ಅದಕ್ಕೇ ಜೊತೆಗೆ ಬನ್ನಿ ಅಂದದ್ದು."

ಒಡತಿ ಮುಖ ಗಂಟಿಕ್ಕಿಕೊಂಡೇ ಚಪ್ಪಲಿ ಮೆಟ್ಟಿದಳು. ಕಿಟಕಿಯಲ್ಲಿ ತಂಗಿಯೇ ಪಾಸ್‌ಪೋರ್ಟ್ ಒಳಗೆ ತಳ್ಳಿದಳು, ಮುದ್ರೆ ಬಿದ್ದ ಮೇಲೆ ತಾನೇ ಈಚೆಗೆ ಎಳೆದುಕೊಂಡಳು, ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅಂಗಡಿಗೆ ಮರಳಿದಾಗ ಗುಂಡಿ ಹಚ್ಚುವವಳು ಆ ಸೊಂಟವನ್ನೇ ನೋಡುತ್ತಿದ್ದಳು. ಕೈಯಲ್ಲಿದ್ದ ಅಂಗಿ ಕೆಳಗಿಟ್ಟು ಎದ್ದು ನಿಂತಳು.

"ಮೇಡಂ, ನಂದೂ ಒಂದ್ಸಲ ತೆಗೆದುಕೊಡ್ತೀರಾ? ಬರೀ ನೋಡೋಕೆ."