ಬಸಮ್ಮನ ಹೆಸರಿಗೆ ಹೂಂ ಎಂದವಳು

ಹಾಜರಿ ಬರೆಯುವ ಪರಮೇಶ್ವರ ರೈಟರ್ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಮಲ್ಲಂದೂರಿನ ಆ ಕಾಫಿ ಎಸ್ಟೇಟಿನಲ್ಲಿ ಬೆಳಗ್ಗೆ ಯಾವ ಹೆಸರಿಗೆ ಹೂಂ ಎಂದು ತೋಟಕ್ಕೆ ಇಳಿಯುತ್ತೀರೋ, ಸಂಜೆ ದಾರಿಗಳೆಲ್ಲ ಆ ಹೆಸರಿನವರ ಮನೆಗೇ ಹೋಗುತ್ತವೆ. ಹಳಬರಿಗೆಲ್ಲ ಇದು ಗೊತ್ತು. ಹಣ್ಣು ಕೊಯ್ಯಲು ಆಲ್ದೂರಿನಿಂದ ಹೊಸದಾಗಿ ಹೋದ ನನಗೆ ಗೊತ್ತಿರಲಿಲ್ಲ. ಆ ಮನುಷ್ಯನಿಗೆ ಚೆನ್ನಾಗಿಯೇ ಗೊತ್ತಿತ್ತು.

ನಾನು ಹೋದ ಮೊದಲ ದಿನ ಬಸಮ್ಮ ಎಂಬಾಕೆ ಕಳಸದ ತಂಗಿ ಮನೆಗೆ ಹೋಗಿದ್ದಳು. ಹಾಜರಿ ಪಟ್ಟಿಯಲ್ಲಿ ನನ್ನ ಹೆಸರು ಬರೆಯಲು ರೈಟರ್‌ಗೆ ಸೋಮಾರಿತನ. ಅವಳ ಹೆಸರಿಗೇ ಹೂಂ ಅನ್ನು ಎಂದ. ಅಂದೆ. ನನ್ನ ಬುದ್ಧಿಗೆ ಬೆಂಕಿ ಬೀಳ.

ಸಂಜೆ, ಶಾಲೆ ಬಿಟ್ಟ ಮಗಳು ಗೇಟಿನಲ್ಲಿ ಕಾಯುತ್ತಿರುತ್ತಾಳೆಂದು ಬೇಗ ಹೊರಟೆ. ಸಿಲ್ವರ್ ಓಕ್ ಮರಗಳ ಸಾಲು ದಾಟಿ ತಿರುಗಿದರೆ ಎದುರಿಗೆ ಕೂಲಿಯಾಳುಗಳ ಲೈನಿನಲ್ಲಿ ಬಸಮ್ಮನ ಮನೆ. ವಾಪಸು ಬಂದು ಬೇರೆ ದಾರಿ ಹಿಡಿದೆ. ಅದೇ ಮನೆ. ದಾರಿಯೇ ಬೇಡವೆಂದು ಗಿಡಗಳ ನಡುವೆ ನುಗ್ಗಿ, ಮೈಕೈ ತರಚಿಕೊಂಡು ಹೊರಬಿದ್ದರೂ ಅದೇ ಜಗಲಿ. ಅವಳ ಅತ್ತೆ ನಂಜಮ್ಮ ನನ್ನ ಮುಖವನ್ನೇ ನೋಡಿ, "ಬಂದ್ಯಾ ಬಸಮ್ಮ, ಕಾಲ್ ತೊಳ್ಕೊಂಡು ಒಳಗ್ ಬಾ" ಎಂದರು. ನಾನು ಬಸಮ್ಮ ಅಲ್ಲ ಎಂದೆ. ಹಾಗಾದರೆ ಯಾರು ಎಂದು ಕೇಳಿದರು. ಬಾಯಿ ತೆರೆದೆ, ಹೆಸರು ಬರಲಿಲ್ಲ. ಮಗಳ ಮುಖ ಕಣ್ಣ ಮುಂದೆಯೇ ಇತ್ತು, ಅವಳ ಹೆಸರೂ ಬರಲಿಲ್ಲ.

ಅಷ್ಟರಲ್ಲಿ ರೈಟರ್ ಆ ಕಡೆ ಬಂದ. ಕೊರಳಪಟ್ಟಿ ಹಿಡಿದು, ನನ್ನ ಹೆಸರು ಹೇಳು ಎಂದೆ. ಬೆಳಗ್ಗೆ ಒಮ್ಮೆಯಾದರೂ ಕೇಳಿದ್ದರೆ ತಾನೆ ಅವನಿಗೆ ಗೊತ್ತಿರುವುದು.

"ಯಾವ ಹೆಸ್ರಾದ್ರೇನು ಮಾರಾಯ್ತಿ, ಹಣ್ಣು ಕೊಯ್ದ್ರೆ ಸಾಕಲ್ಲ" ಎಂದ.

ಅವನನ್ನು ಅಲ್ಲೇ ಹೂತುಹಾಕಬೇಕು ಅನ್ನಿಸಿತು. ಆಗಲೇ ಕೆಳಗಿನಿಂದ ಮಗಳ ದನಿ ಕೇಳಿತು. ಅಮ್ಮೀ, ಅಮ್ಮೀ ಎಂದು ಕೂಗುತ್ತಿದ್ದಳು. ಆ ಕೂಗಿಗೆ ತೋಟ ದಾರಿ ಬಿಡಲಿಲ್ಲ. ಅಮ್ಮಂದಿರು ಆ ತೋಟದಲ್ಲಿ ಎಷ್ಟು ಜನ ಇಲ್ಲ! ನಮ್ಮ ಮನೆಗಳಲ್ಲಿ ಮಕ್ಕಳು ಹೆತ್ತವಳ ಹೆಸರು ಹಿಡಿದು ಕರೆಯುವುದಿಲ್ಲ. ಕರೆದರೆ ಕೆನ್ನೆಗೆ ಬೀಳುತ್ತದೆ. ಮಗಳು ಕೊನೆಗೆ ಅಳುತ್ತ, ಸಿಟ್ಟಿನಲ್ಲಿ, ಒಂದೇ ಸಲ ಕಿರುಚಿದಳು.

"ಅಖ್ತರ್ ಬಾನೂ!"

ಕಾಫಿ ಗಿಡಗಳು ಎರಡೂ ಬದಿಗೆ ಸರಿದವು. ನೇರ ಕೆಳಗೆ ಗೇಟು, ಗೇಟಿನಲ್ಲಿ ನನ್ನ ಜಿಕ್ರಾ. ಓಡಿದೆ. ನನ್ನನ್ನು ಕಂಡದ್ದೇ, ಏಟು ಬಿತ್ತೆಂದು ಕೆನ್ನೆಗೆ ಕೈ ಅಡ್ಡ ಹಿಡಿದಳು. ಆ ಕೈಯನ್ನು ಹಿಡಿದು ಕೆಳಗಿಳಿಸಿದೆ.

"ಇನ್ನೊಂದ್ ಸಲ ಕರಿ" ಎಂದೆ. "ಗಟ್ಟಿಯಾಗಿ ಕರಿ. ಮೇಲಿರೋ ಆ ರೈಟರ್‌ಗೂ ಕೇಳ್ಲಿ."